ಸಂತೆಯ ಬಜ್ಜಿ ಮೆಣಸಿನಕಾಯಿ ಬೀಜ ಯಾಕೆ ಮೊಳೆಯುತ್ತಿಲ್ಲ?

ಪ್ರಶ್ನೆ: ಸಂತೆಯಲ್ಲಿ ತಂದ ಬಜ್ಜಿ ಮೆಣಸಿನಕಾಯಿ ಗೇಣುದ್ದ ಇತ್ತು, ಖಾರವೂ ಜೋರು. ಬೀಜ ಒಣಗಿಸಿ ಕುಂಡದಲ್ಲಿ ಹಾಕಿ 3 ವಾರ ಆಯಿತು. 40ರಲ್ಲಿ ಎರಡೇ ಮೊಳಕೆ. ಎಲ್ಲಿ ತಪ್ಪಿದೆ?

ಉತ್ತರ 1: ಹಸಿರು ಕಾಯಿಯಿಂದ ತೆಗೆದಿರಿ ಅಲ್ವಾ? ಆ ಬೀಜ ಬಲಿತಿರುವುದಿಲ್ಲ. ಗಿಡದಲ್ಲೇ ಪೂರ್ತಿ ಕೆಂಪಾದ ಹಣ್ಣಿನದು ಬೇಕು. ನೆರಳಲ್ಲಿ ಒಣಗಿಸಿ, ಕಾಲು ಇಂಚು ಆಳಕ್ಕೆ ಹಾಕಿ, ಮಣ್ಣು ಬೆಚ್ಚಗಿರಲಿ.

ಉತ್ತರ 2: ಮಾರುಕಟ್ಟೆಯ ಕಾಯಿ ಹೈಬ್ರಿಡ್ (ಎರಡು ತಳಿ ಬೆರೆಸಿದ್ದು) ಆಗಿದ್ದರೆ ಅದರ ಬೀಜದ ಗಿಡಗಳೆಲ್ಲ ತಾಯಿಯ ಹಾಗೆ ಬರುವುದಿಲ್ಲ, ನನ್ನ 6 ಗಿಡಗಳಲ್ಲಿ ಎರಡಕ್ಕೆ ಮಾತ್ರ ದಪ್ಪ ಕಾಯಿ ಬಿಟ್ಟಿತು, ಉಳಿದವು ಕಿರುಬೆರಳಿನಷ್ಟು. ಆ ಎರಡರ ಮೊಗ್ಗುಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಿದೆ, ಜೇನುಹುಳ ಪಕ್ಕದ ಗಿಡದ ಪರಾಗ ತರಬಾರದು ಅಂತ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ಬೀಜಕ್ಕೆ ಇದೇ ಕಾಯಿ ಅಂತ ದಾರ ಕಟ್ಟಿ ಗುರುತಿಟ್ಟೆ.

ಪ್ರಶ್ನೆ ಕೇಳಿದವರು: ಹೌದು, ಹಸಿರು ಕಾಯಿಯೇ! ಈ ಎರಡು ಸಸಿಗಳನ್ನು ಜೋಪಾನ ಮಾಡುತ್ತೇನೆ.