ಹಿಂದಿನ ಚಕ್ರದ ಜಿಡ್ಡು ಉಜ್ಜಿದರೂ ಹೋಗುತ್ತಿಲ್ಲ, ಏನು ಮಾಡಲಿ?

ಉಡುಪಿಯಿಂದ ಕೇಳಿದವರು:
ದಿನವೂ ಉಡುಪಿಯಿಂದ ಮಂಗಳೂರಿಗೆ ಹೆದ್ದಾರಿ 66ರಲ್ಲಿ ಬೈಕಿನಲ್ಲೇ ಹೋಗಿಬರುತ್ತೇನೆ. ಮಳೆಗಾಲ ಮುಗಿಯುವಷ್ಟರಲ್ಲಿ ಹಿಂದಿನ ರಿಮ್, ಎಂಜಿನ್ನಿನ ಅಡಿಭಾಗ, ಮಡ್‌ಗಾರ್ಡಿನ ಒಳಮೈ ಎಲ್ಲವೂ ಕಪ್ಪುಗಟ್ಟಿವೆ. ಶಾಂಪೂ ಹಾಕಿ ಎರಡು ಭಾನುವಾರ ಉಜ್ಜಿದೆ. ಕೈ ನೋವಾಯಿತೇ ಹೊರತು ಕೊಳೆ ಕದಲಲಿಲ್ಲ.

ಸುರತ್ಕಲ್‌ನಿಂದ:
ಮೊದಲು ಒಂದು ಮೂಲೆಗೆ ನಾಲ್ಕು ಹನಿ ತೆಂಗಿನೆಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. ಬಟ್ಟೆಗೆ ಕಪ್ಪು ಕರಗಿ ಬಂದರೆ ಅದು ಡಾಂಬರು ಅಥವಾ ಚೈನಿನಿಂದ ಸಿಡಿದ ಗ್ರೀಸು. ಹಿಂದಿನ ರಿಮ್ಮಿನ ಕಪ್ಪು ಬಹುಪಾಲು ಚೈನಿನದ್ದೇ. ಎಣ್ಣೆ ಸಿಡಿಯುತ್ತದೆ, ಅದರ ಮೇಲೆ ರಸ್ತೆಯ ದೂಳು ಕೂರುತ್ತದೆ, ಎಂಜಿನ್ನಿನ ಬಳಿ ಬಿಸಿಗೆ ಬೆಂದು ಗಟ್ಟಿಯಾಗುತ್ತದೆ. ಇದಕ್ಕೆ ಸೀಮೆಎಣ್ಣೆಯೇ ಮದ್ದು, ನಮ್ಮ ಹಿರಿಯರ ಚಿಮಿಣಿ ಎಣ್ಣೆ. ಸುರಿಯಬೇಡಿ, ಬಟ್ಟೆ ಅದ್ದಿ ಹಚ್ಚಿ. ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಆಮೇಲೆ ಪಾತ್ರೆ ತೊಳೆಯುವ ಸಾಬೂನಿನ ನೀರಿನಲ್ಲಿ ತೊಳೆದು ಜಿಡ್ಡು ಪೂರ್ತಿ ತೆಗೆಯಿರಿ. ಪೆಟ್ರೋಲ್ ಮಾತ್ರ ಬೇಡವೇ ಬೇಡ. ಚೈನಿನ ಕೊಂಡಿಗಳೊಳಗಿನ ರಬ್ಬರ್ ಉಂಗುರಗಳು ಅದರಿಂದ ಹಾಳಾಗುತ್ತವೆ, ಬೆಂಕಿಯ ಭಯ ಬೇರೆ.

ಒಂದು ಎಚ್ಚರಿಕೆ. ರಿಮ್ ಒರೆಸಿದ ಅದೇ ಬಟ್ಟೆಯಲ್ಲಿ ನಾನು ಒಮ್ಮೆ ಬ್ರೇಕಿನ ಡಿಸ್ಕನ್ನೂ ಒರೆಸಿದ್ದೆ. ಸಂಜೆ ಕದ್ರಿ ಗುಡ್ಡದ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಹಿಡಿಯಲೇ ಇಲ್ಲ. ಮುಂದಿನ ಬ್ರೇಕ್ ಉಳಿಸಿತು. ಪ್ಯಾಡ್ ಎರಡನ್ನೂ ಬದಲಿಸಬೇಕಾಯಿತು. ಡಿಸ್ಕಿಗೂ ಟೈರಿಗೂ ಎಣ್ಣೆಯ ಸೋಂಕು ತಗಲಬಾರದು.

ಮೂಡುಬಿದಿರೆಯಿಂದ:
ಮಡ್‌ಗಾರ್ಡಿನ ಒಳಗಿರುವುದು ಜಿಡ್ಡಲ್ಲ, ಮುರಕಲ್ಲಿನ ಕೆಂಪು ಮಣ್ಣು. ಒಣಗಿದ ಮೇಲೆ ಅದು ಗಾರೆಯಂತೆ ಕಚ್ಚುತ್ತದೆ. ಉಜ್ಜಿದಷ್ಟೂ ನಮಗೇ ನಷ್ಟ, ನುಣ್ಣನೆಯ ಕಣಗಳು ಬಣ್ಣದ ಮೇಲೆ ಗೀರುಗಳ ಬಲೆ ನೇಯುತ್ತವೆ. ನಾನು ಹಳೆಯ ಬೈರಾಸನ್ನು, ಅಂದರೆ ಮೈ ಒರೆಸುವ ಟವೆಲನ್ನು, ನೀರಲ್ಲಿ ಅದ್ದಿ, ಹಿಂಡದೆ, ಮಣ್ಣು ಹಿಡಿದ ಜಾಗಕ್ಕೆಲ್ಲ ಹೊದಿಸಿ ಅರ್ಧ ಗಂಟೆ ಬಿಡುತ್ತೇನೆ. ನೆನೆದ ಮಣ್ಣು ಬೆರಳಿಗೇ ಜಾರಿ ಬರುತ್ತದೆ. ಮಡ್‌ಗಾರ್ಡಿನ ಒಳಗೆ ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಎಬ್ಬಿಸಿ, ಲೋಹದ ಯಾವುದನ್ನೂ ತೂರಿಸಬೇಡಿ. ಈ ಜಾಗವನ್ನು ಕಡೆಗಣಿಸಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಅಲ್ಲಿನ ಮಣ್ಣು ದಿನಗಟ್ಟಲೆ ನೀರು ಹಿಡಿದಿಡುತ್ತದೆ, ಕಬ್ಬಿಣ ಒಳಗಿನಿಂದಲೇ ತುಕ್ಕಾಗುತ್ತದೆ.

ಕುಂದಾಪುರದಿಂದ:
ನಾನು ಮರವಂತೆಯ ದಾರಿಯವನು. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ. ಎಂಜಿನ್ ಕವಚದ ಮೇಲೆ ಬಿಳಿ ಹುಡಿ ಕಂಡರೆ ಅದು ಕೊಳೆಯಲ್ಲ, ಉಪ್ಪುಗಾಳಿಗೆ ಅಲ್ಯೂಮಿನಿಯಂ ಸವೆಯುತ್ತಿರುವ ಗುರುತು. ವಾರಕ್ಕೊಮ್ಮೆ ಸಿಹಿನೀರು ಹಾಕಿ ಒರೆಸಿದರೆ ಅದು ಹೆಚ್ಚುವುದಿಲ್ಲ. ಹಿತ್ತಾಳೆಗೆ ಹಚ್ಚುವಂತೆ ಹುಣಸೆಹುಳಿ ಹಚ್ಚಬೇಡಿ, ಅಲ್ಯೂಮಿನಿಯಂ ಮಂಕಾಗುತ್ತದೆ. ಸ್ಟೀಲ್ ನಾರಂತೂ ಶತ್ರು. ಹ್ಯಾಂಡಲಿನ ಕ್ರೋಮ್ ಅದರಿಂದ ಉಜ್ಜಿ ಫಳಫಳ ಮಾಡಿದ್ದೆ, ಮರುವರ್ಷದ ಮಳೆಯಲ್ಲಿ ಗೀರು ಬಿದ್ದಲ್ಲೆಲ್ಲ ತುಕ್ಕು.

ಕಂಕನಾಡಿಯಿಂದ:
ಎಂಜಿನ್ ತಣಿದ ಮೇಲಷ್ಟೇ ನೀರು. ಒತ್ತಡದ ಪೈಪನ್ನು ಚಕ್ರದ ನಡುಭಾಗಕ್ಕೆ, ಸ್ವಿಚ್‌ಗಳಿಗೆ ನೇರ ಹಿಡಿಯಬೇಡಿ. ಬೇರಿಂಗಿನ ಗ್ರೀಸ್ ತೊಳೆದುಹೋಗುತ್ತದೆ.

ಉಡುಪಿಯಿಂದ ಕೇಳಿದವರು:
ಇವತ್ತು ಬೆಳಿಗ್ಗೆ ಮೊದಲು ಬೈರಾಸು, ಆಮೇಲೆ ಸೀಮೆಎಣ್ಣೆ ಎಂಬ ಕ್ರಮದಲ್ಲಿ ಮಾಡಿದೆ. ರಿಮ್ಮಿನ ನಿಜವಾದ ಬಣ್ಣ ಬೂದಿ ಎಂಬುದೇ ಮರೆತುಹೋಗಿತ್ತು! ಸೈಲೆನ್ಸರ್ ಪೈಪಿನ ಬಾಗಿನಲ್ಲಿ ಸುಟ್ಟು ಅಂಟಿದ ಡಾಂಬರು ಮಾತ್ರ ಇನ್ನೂ ಉಳಿದಿದೆ. ಚೈನ್ ಒಣಗಿದ ಮೇಲೆ ಎಷ್ಟು ಎಣ್ಣೆ ಬಿಡಬೇಕು?

ಸುರತ್ಕಲ್‌ನಿಂದ:
ಒಳಬದಿಗೆ ತೆಳುವಾಗಿ ಬಿಟ್ಟು, ಚಕ್ರ ತಿರುಗಿಸಿ, ಅರ್ಧ ಗಂಟೆಯ ನಂತರ ಹೆಚ್ಚಿನದನ್ನು ಒರೆಸಿಬಿಡಿ. ಒರೆಸದೆ ಬಿಟ್ಟದ್ದೇ ನಾಳೆ ರಿಮ್ಮಿಗೆ ಸಿಡಿಯುವುದು. ಪೈಪಿನ ಡಾಂಬರಿಗೆ, ಪೈಪ್ ಪೂರ್ತಿ ತಣ್ಣಗಿರುವಾಗ, ತೆಂಗಿನೆಣ್ಣೆಯ ಬಟ್ಟೆ ಸುತ್ತಿ ಒಂದು ತಾಸು ಬಿಡಿ. ಎಣ್ಣೆಯನ್ನು ಸಾಬೂನಿನಿಂದ ಚೆನ್ನಾಗಿ ತೆಗೆದ ಮೇಲೆಯೇ ಎಂಜಿನ್ ಹಚ್ಚಿ. ಹೊರಡುವ ಮೊದಲು ಅಂಗಳದಲ್ಲೇ ಎರಡೂ ಬ್ರೇಕ್ ನಾಲ್ಕಾರು ಸಲ ಹಿಡಿದು ನೋಡಿ.