ಸಹಾಯ ಬೇಕು: ರೆಸಾರ್ಟ್ ಫೋಟೋ ಹಕ್ಕು ಉಳಿಸ್ಕೊಳ್ಳೋಕೆ ಕರಾರು ಹೇಗಿರಬೇಕು?

ನಮಸ್ಕಾರ. ಶಿರಸಿ ಕಡೆ ಫ್ರೀಲಾನ್ಸ್ ಫೋಟೋಗ್ರಫಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮದುವೆ ಕೆಲಸ ಇರೋದಿಲ್ಲ ಅಂತ್ಲೇ ಹೇಳಬಹುದು. ಆ ತೂತು ಮುಚ್ಚೋಕೆ ಹೋಮ್‌ಸ್ಟೇ, ರೆಸಾರ್ಟ್ ಫೋಟೋಗಳನ್ನ ವರ್ಷದ ಲೈಸೆನ್ಸ್ ಮೇಲೆ (ಹಕ್ಕು ನನ್ದೇ, ಅವರಿಗೆ ಬಳಸೋ ಅನುಮತಿ ಮಾತ್ರ) ಕೊಡೋ ಯೋಚನೆ.

ಈಗ ಗೋಕರ್ಣದ ಹತ್ತಿರದ ಒಂದು ರೆಸಾರ್ಟ್‌ಗೆ 40 ಫೋಟೋ, ಒಟ್ಟು 18,000 ರೂಪಾಯಿ. ಕೊಟೇಶನ್‌ನಲ್ಲಿ "ವೆಬ್‌ಸೈಟ್, ಇನ್‌ಸ್ಟಾಗ್ರಾಂ ಮಾತ್ರ, 12 ತಿಂಗಳು, ಹೋರ್ಡಿಂಗ್‌ಗೆ ಬೇರೆ ದರ" ಅಂತ ಬರೆದಾಗಿದೆ. ಅವರು ವಾಟ್ಸಾಪ್‌ನಲ್ಲಿ "ಓಕೆ" ಅಂದ್ರು, ಅಡ್ವಾನ್ಸೂ ಬಂತು. ಈಗ ಮಾತ್ರ "ದುಡ್ಡು ಕೊಟ್ಟವರು ನಾವು, ಫೋಟೋ ನಮ್ದೇ" ಅಂತಾರೆ.

ತೊಡಕು ಇರೋದು ಇಲ್ಲೇ. 1957ರ ಕಾಪಿರೈಟ್ ಕಾಯ್ದೆಯ ಕಲಂ 17ರ ಪ್ರಕಾರ ಹಣ ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಕರಾರು ಇಲ್ದಿದ್ರೆ, ತೆಗೆಸಿದವರೇ ಮೊದಲ ಮಾಲೀಕರು. ಅಂದ್ರೆ ಅವರ ಮಾತು ಪೂರ್ತಿ ಸುಳ್ಳೂ ಅಲ್ಲ! ಕೊಟೇಶನ್‌ನಲ್ಲಿ ಬಳಕೆ, ಅವಧಿ ಇದೆ. "ಕಾಪಿರೈಟ್ ಫೋಟೋಗ್ರಾಫರದ್ದೇ" ಅನ್ನೋ ಸಾಲೇ ಇಲ್ಲ. ಇನ್‌ವಾಯ್ಸ್‌ನಲ್ಲಿ ಆಮೇಲೆ ಸೇರಿಸಿ ಕಳಿಸಿದ್ರೆ ಒಪ್ಪಲಿಲ್ಲ. ರಾ ಫೈಲ್ (ಕ್ಯಾಮೆರಾದಿಂದ ಬಂದ, ಎಡಿಟ್ ಮಾಡದ ಮೂಲ ಫೈಲ್) ಇನ್ನೂ ಕೊಟ್ಟಿಲ್ಲ.

ಇಂಥ ಕೆಲಸ ಮಾಡಿದವರು ಅಥವಾ ವಕೀಲರು ಹೇಳಿ: ಆ ಕೊಟೇಶನ್ ಮತ್ತು ವಾಟ್ಸಾಪ್ "ಓಕೆ" ಸೇರಿ "ಬೇರೆ ಕರಾರು" ಅಂತ ನಿಲ್ಲುತ್ತಾ, ಇಲ್ಲಾ ಬಾಕಿ ಫೋಟೋ ಕೊಡೋ ಮೊದಲು ಸಹಿ ಮಾಡಿದ ಹೊಸ ಕರಾರು ಬೇಕೇ ಬೇಕಾ?