ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಚರ್ಚೆ: ಐದು ಹೆಡರ್ ಸೇರಿಸಿದರೆ ಸಾಕೇ?

ನಾಗೇಶ್: ಮೇಲೆ ಹಾಕಿರುವ ಭದ್ರತಾ ಪಟ್ಟಿಯನ್ನು ಎಲ್ಲರೂ ಓದಬೇಕೆಂದು ವಿನಂತಿ. ಹೆಡರ್ ಎಂದರೆ ಬ್ರೌಸರ್ ಮತ್ತು ಸರ್ವರ್ ಪುಟದ ಮುಂದೆ ಪರಸ್ಪರ ಕಳಿಸುವ ಮಾಹಿತಿ ಸಾಲು. ಎಕ್ಸ್-ಫ್ರೇಮ್-ಆಪ್ಷನ್ಸ್ (ನಮ್ಮ ಪುಟವನ್ನು ಬೇರೆ ತಾಣದೊಳಗೆ ತೋರಿಸದಂತೆ ತಡೆಯುವುದು), ಸಿಎಸ್‌ಪಿ (ಪುಟ ಎಲ್ಲಿಂದ ಸ್ಕ್ರಿಪ್ಟ್ ಮೊದಲಾದವನ್ನು ತರಬಹುದೆಂದು ಹೇಳುವುದು) ಮೊದಲಾದ ಐದು ಹೆಡರ್‌ಗಳನ್ನು ಸೇರಿಸಿದರೆ ಹೆಡರ್ ಇಂಜೆಕ್ಷನ್ (ಹೆಡರಿನೊಳಗೆ ಹೊರಗಿನವರು ತಮ್ಮ ಪಠ್ಯ ತುರುಕುವ) ದಾಳಿಯಿಂದ ಪಾರಾಗಬಹುದು ಎಂದು ಅದರಲ್ಲಿದೆ. ಸಂಘದ ಜಾಲತಾಣಕ್ಕೂ ಇಷ್ಟು ಮಾಡಿ ಕೆಲಸ ಮುಗಿಸೋಣ.

ಶೈಲಜಾ: ನಾಗೇಶ್ ಸರ್, ಆ ಪಟ್ಟಿ ಎರಡು ಬೇರೆ ವಿಷಯಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದೆ. ಆ ಐದು ಹೆಡರ್‌ಗಳು ಬ್ರೌಸರಿಗೆ ಕೊಡುವ ಸೂಚನೆಗಳು; ಸೇರಿಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಇಂಜೆಕ್ಷನ್ ನಡೆಯುವುದು ನಮ್ಮ ಕೋಡು ಹೆಡರನ್ನು ಬರೆಯುವ ಜಾಗದಲ್ಲಿ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮವಾದ ಎಚ್‌ಟಿಟಿಪಿ 1.1ರಲ್ಲಿ ಒಂದು ಹೆಡರ್ ಮುಗಿಯಿತೆಂದು ತಿಳಿಸುವುದು ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಸಿಆರ್, ಎಲ್‌ಎಫ್ ಅಕ್ಷರಗಳು. ಬಳಕೆದಾರ ಕೊಟ್ಟ ವಿಳಾಸದಲ್ಲಿ ಅದೇ ಎರಡು ಅಕ್ಷರಗಳ ಸಂಕೇತರೂಪವಾದ %0ಡಿ%0ಎ ಅಡಗಿದ್ದು, ನಾವು ಅದನ್ನು ಡಿಕೋಡ್ ಮಾಡಿ (ಮೂಲ ಅಕ್ಷರಕ್ಕೆ ಬಿಡಿಸಿ) ಬ್ರೌಸರನ್ನು ಬೇರೆ ವಿಳಾಸಕ್ಕೆ ಕಳಿಸುವ ಲೊಕೇಶನ್ ಹೆಡರಿಗೆ ಹಾಗೆಯೇ ಸೇರಿಸಿದರೆ, ಮುಂದಿನ ಪಠ್ಯ ಹೊಸ ಸಾಲಿಗಿಳಿದು, ಬ್ರೌಸರಿನಲ್ಲಿ ಕುಕೀ ಕೂರಿಸುವ ಸೆಟ್-ಕುಕೀ ಹೆಡರ್ ಆಗಿಬಿಡಬಹುದು. ಅದೇ ಜೋಡಿ ಬೆನ್ನುಬೆನ್ನಿಗೆ ಎರಡು ಸಲ ಬಂದರೆ ಹೆಡರ್ ಭಾಗವೇ ಮುಗಿದು ದಾಳಿಕೋರನ ಎಚ್‌ಟಿಎಂಎಲ್ ಶುರುವಾಗುತ್ತದೆ. ಆ ಜಾಗಕ್ಕಿಂತ ಕೆಳಗೆ ನಿಮ್ಮ ಸಿಎಸ್‌ಪಿ ಇದ್ದರೆ ಅದೂ ಪುಟದ ಪಠ್ಯವಾಗಿ ಬಿದ್ದಿರುತ್ತದೆ.

ಇಮ್ರಾನ್: ಶೈಲಜಾ, ನಮ್ಮ ತಾಣ ಇರುವುದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಅದರ ಹೆಡರ್ ಫಂಕ್ಷನ್ 2006ರ 5.1.2 ಆವೃತ್ತಿಯಿಂದಲೇ ಒಂದು ಸಲಕ್ಕೆ ಒಂದಕ್ಕಿಂತ ಹೆಚ್ಚು ಹೆಡರ್ ಕಳಿಸಲು ಬಿಡುವುದಿಲ್ಲ. ಯಾವಾಗಲೋ ಓಡಿಹೋದ ದೆವ್ವಕ್ಕೆ ಈಗ ಬೇವಿನ ಸೊಪ್ಪು ಹಿಡಿಯಬೇಕೇ?

ಶೈಲಜಾ: ಆ ಒಂದು ಬಾಗಿಲು ಮುಚ್ಚಿದೆ, ಒಪ್ಪುತ್ತೇನೆ. ಆದರೆ ಎಂಜಿನ್‌ಎಕ್ಸ್ (ಪಿಎಚ್‌ಪಿಯ ಮುಂದೆ ನಿಂತು ಕೋರಿಕೆ ಸ್ವೀಕರಿಸುವ ವೆಬ್ ಸರ್ವರ್) ಸಂರಚನೆಯಲ್ಲಿ ಎಚ್‌ಟಿಟಿಪಿಎಸ್‌ಗೆ ಕಳಿಸುವ ಸಾಲಿನಲ್ಲಿ $ಯುಆರ್‌ಐ ಎಂದು ಬರೆದಿದ್ದರೆ, ಅದು ವಿಳಾಸದ ಡಿಕೋಡ್ ಆದ ರೂಪವಾದ್ದರಿಂದ ಪಿಎಚ್‌ಪಿಯ ತನಕ ಹೋಗದೆಯೇ ಹೊಸ ಸಾಲು ಉತ್ತರದೊಳಗೆ ನುಸುಳುತ್ತದೆ. ಅಲ್ಲಿ ವಿಳಾಸವನ್ನು ಬಂದ ಹಾಗೆಯೇ ಇಡುವ $ರಿಕ್ವೆಸ್ಟ್_ಯುಆರ್‌ಐ ಇರಬೇಕು. ಇನ್ನು ಸಂಪರ್ಕ ಫಾರ್ಮ್. ಭರ್ತಿ ಮಾಡಿದವರ ಇಮೇಲನ್ನು ಮೇಲ್ ಫಂಕ್ಷನ್ನಿನ ಫ್ರಮ್ ಸಾಲಿಗೆ ನೇರವಾಗಿ ಅಂಟಿಸಿದ್ದರೆ, ಒಂದು ಹೊಸ ಸಾಲು ಮತ್ತು ಬಿಸಿಸಿ (ಗುಪ್ತ ಪ್ರತಿ ಹೋಗುವ ವಿಳಾಸಗಳು) ಸೇರಿಸಿ ಯಾರು ಬೇಕಾದರೂ ಸಂಘದ ಹೆಸರಿನಲ್ಲಿ ಕಸದ ಮೇಲ್ ಹಂಚಬಹುದು.

ನಾಗೇಶ್: ಇದೆಲ್ಲವನ್ನೂ ತಡೆಯುವ ಫೈರ್‌ವಾಲನ್ನೇ ಕೊಂಡರಾಯಿತಲ್ಲ? ಸಮಿತಿಯಲ್ಲಿ ಹಣ ಕೇಳುತ್ತೇನೆ.

ಶೈಲಜಾ: ಕೊಳ್ಳಿ ಸರ್, ಆದರೆ ಕೋಡು ತಿದ್ದುವ ಬದಲಿಗೆ ಬೇಡ. ಪಾಸ್‌ವರ್ಡ್ ಬದಲಿಸುವ ಕೊಂಡಿಯನ್ನೇ ನೋಡಿ: ಅದರ ಡೊಮೇನ್ ಹೆಸರನ್ನು ನಾವು ಯಾವ ತಾಣ ಬೇಕೆಂದು ಹೇಳುವ, ಕೋರಿಕೆಯ ಹೋಸ್ಟ್ ಹೆಡರಿನಿಂದ ಎತ್ತಿಕೊಳ್ಳುತ್ತಿದ್ದರೆ, ದಾಳಿಕೋರನು ನಿಮ್ಮ ಇಮೇಲ್ ಕೊಟ್ಟು, ಹೋಸ್ಟ್ ಜಾಗದಲ್ಲಿ ತನ್ನ ಡೊಮೇನ್ ಬರೆದು ಕೋರಿಕೆ ಕಳಿಸುತ್ತಾನೆ. ನಮ್ಮ ಸರ್ವರಿನಿಂದಲೇ ನಿಮಗೆ ಅಸಲಿ ಮೇಲ್ ಬರುತ್ತದೆ. ಕ್ಲಿಕ್ ಮಾಡಿದಿರೋ, ಪಾಸ್‌ವರ್ಡ್ ಬದಲಿಸಲು ಬಿಡುವ ಗುಪ್ತ ಸಂಕೇತವಾದ ಟೋಕನ್ ಅವನ ಕೈಸೇರುತ್ತದೆ. ಇಲ್ಲಿ ಫೈರ್‌ವಾಲ್ ಹುಡುಕುವಂಥ ಕೆಟ್ಟ ಅಕ್ಷರ ಒಂದೂ ಇಲ್ಲ. ಜಾಂಗೋ ಎಂಬ ವೆಬ್ ತಂತ್ರಾಂಶದವರು 2013ರಲ್ಲೇ ಅನುಮತಿಸಿದ ಹೋಸ್ಟ್‌ಗಳ ಪಟ್ಟಿಯನ್ನು ತಂದದ್ದು ಇದಕ್ಕಾಗಿ.

ಇಮ್ರಾನ್: ಮೇಲ್ ವಿಷಯದಲ್ಲಿ ನಿಮ್ಮ ಮಾತು ಸರಿ. ಪಿಎಚ್‌ಪಿ 7.2ರಿಂದ ಮೇಲ್ ಹೆಡರ್‌ಗಳನ್ನು ಅರೇ (ಬಿಡಿಬಿಡಿ ಅಂಶಗಳ ಪಟ್ಟಿ) ರೂಪದಲ್ಲಿ ಕೊಡಬಹುದು. ಫಾರ್ಮನ್ನು ಹಾಗೆ ಬದಲಿಸಿ, ಇಮೇಲಿನಲ್ಲಿ ಹೊಸ ಸಾಲು ಕಂಡರೆ ಅಳಿಸಿ ಮುಂದುವರಿಯುವ ಬದಲು ಕೋರಿಕೆಯನ್ನೇ ತಿರಸ್ಕರಿಸುವಂತೆ ಮಾಡುತ್ತೇನೆ. ಕೊಂಡಿಯ ಡೊಮೇನನ್ನು ಸಂರಚನೆಯಲ್ಲೇ ಬರೆದಿಡೋಣ. ಎಂಜಿನ್‌ಎಕ್ಸ್ ಫೈಲ್ ಮಾತ್ರ ನನ್ನ ಬಳಿ ಇಲ್ಲ.

ನಾಗೇಶ್: ಫೈಲ್ ನನ್ನ ಬಳಿ ಇದೆ, ಇಬ್ಬರಿಗೂ ಪ್ರತ್ಯೇಕವಾಗಿ ಕಳಿಸುತ್ತೇನೆ. ಆ ಐದು ಹೆಡರ್‌ಗಳನ್ನು ಮಾತ್ರ ನಾನು ಕೈಬಿಡುವವನಲ್ಲ.